ನೂರು ರೂಪಾಯಿಯ ಮೇಲೊಂದು ಚುಕ್ಕೆ

ಮೊದಲೇ ಸ್ಪಷ್ಟಪಡಿಸುತ್ತೇನೆ. ನಾಣ್ಯಗಳ ವಿಷಯದಲ್ಲಿ ದಿಲ್ಲಿಯ ಲೋಧಿ ಕಾಲೋನಿಯ ನಮ್ಮ ಬ್ಲಾಕಿನಲ್ಲಿ ನನ್ನಷ್ಟು ತಿಳಿದವರು ಯಾರೂ ಇಲ್ಲ. ಈ ಮಾತನ್ನು ಆ ಭಾನುವಾರಕ್ಕೆ ಮೊದಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆಗ ಕೇಳಿದವರು ತಲೆಯಾಡಿಸುತ್ತಿದ್ದರು. ಈಗ ಕೆಮ್ಮುತ್ತಾರೆ.

ನಾನು ಸಂಗ್ರಹಿಸುವುದು ಪ್ರೂಫ್ ಸೆಟ್‌ಗಳನ್ನು. ಪ್ರೂಫ್ ನಾಣ್ಯವೆಂದರೆ ತರಕಾರಿ ಭಯ್ಯಾನ ಕೈಗೆ ಕೊಡುವ ನಾಣ್ಯವಲ್ಲ. ಟಂಕಸಾಲೆಯವರು ಸಂಗ್ರಾಹಕರಿಗೆಂದೇ ವಿಶೇಷವಾಗಿ ಅಚ್ಚೊತ್ತಿದ್ದು. ಹಿನ್ನೆಲೆ ಕನ್ನಡಿಯಂತೆ ಹೊಳೆಯುತ್ತದೆ, ಉಬ್ಬಿದ ಸಿಂಹಗಳು ಮಾತ್ರ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗಿರುತ್ತವೆ. ದುಂಡನೆಯ ಪ್ಲಾಸ್ಟಿಕ್ ಕವಚದೊಳಗೆ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಬರಿಗೈಯಲ್ಲಿ ಮುಟ್ಟಕೂಡದು. ಅದರ ಎದುರು ನಿಂತು ಜೋರಾಗಿ ಮಾತಾಡಕೂಡದು, ಎಂಜಲು ಹಾರೀತು! ಈ ಎರಡನೆಯ ನಿಯಮ ನಾನೇ ಮಾಡಿದ್ದು.

ನಾನು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಗುಮಾಸ್ತೆ. ನಮ್ಮವರು, ಅಂದರೆ ನನ್ನ ಯಜಮಾನರು, ಉಡುಪಿ ಕಡೆಯವರು, ಸರೋಜಿನಿ ನಗರದಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಾರೆ. ಅವರಿಗೆ ನಾಣ್ಯವೆಂದರೆ ಚಿಲ್ಲರೆ, ಅಷ್ಟೇ.

"ಒಂದು ಐದು ರೂಪಾಯಿಗೆ ಇಷ್ಟು ದೊಡ್ಡ ಪೆಟ್ಟಿಗೆಯಾ ಮಾರಾಯ್ತಿ?" ಎಂದು ಪ್ರತಿ ಸಲ ಕೇಳುತ್ತಾರೆ. "ನನ್ನ ಗಲ್ಲಾದಲ್ಲಿ ಡಬ್ಬಿಗಟ್ಟಲೆ ಉಂಟು, ತಗೊಂಡು ಹೋಗು. ಪೆಟ್ಟಿಗೆ ಮಾತ್ರ ನನಗೆ ಕೊಡು, ಲವಂಗ ಹಾಕಿಡ್ತೇನೆ."

ನಗಲಿ. ಈ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸೋಫಾ ಅವರ ಆಯ್ಕೆ, ಟಿವಿ ಮಗಳ ಆಯ್ಕೆ, ಗೋಡೆಯ ಬಣ್ಣ ಸರ್ಕಾರದ ಆಯ್ಕೆ. ನನ್ನದು ಅಂತ ಇದ್ದದ್ದು ಬೀರುವಿನ ಮೇಲಿನ ಅರೆಯಲ್ಲಿ ಸಾಲಾಗಿಟ್ಟ ಆ ಪೆಟ್ಟಿಗೆಗಳು ಮಾತ್ರ. ಹನ್ನೆರಡು ವರ್ಷ ಜತನದಿಂದ ಕೂಡಿಸಿದ್ದೆ. ಅವುಗಳ ಮುಚ್ಚಳ ತೆರೆದಾಗ ಆಗುವ ಸಂತೋಷ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಹೀಗಿರುವಾಗ ನಾಣ್ಯ ಸಂಗ್ರಾಹಕರ ಸಂಘವೊಂದು ಪ್ರದರ್ಶನ ಮತ್ತು ಸ್ಪರ್ಧೆ ಏರ್ಪಡಿಸಿತು. ಕೆಳಗಿನ ಮನೆಯ ಸಕ್ಸೇನಾಜಿ ಕೂಡ ಸಂಗ್ರಾಹಕರು. ಮೆಟ್ಟಿಲ ಮೇಲೆ ಸಿಕ್ಕಾಗ ಬಹಳ ಕನಿಕರದಿಂದ ಹೇಳಿದರು, "ಭಾಭೀಜಿ, ಪ್ರೂಫ್ ವಿಭಾಗ ಕಷ್ಟ. ಲೇಡೀಸ್‌ಗೆ ಹಳೇ ಪೈಸೆ ವಿಭಾಗ ಅಚ್ಛಾ ಹೈ."

ನನ್ನ ಮೈಯೆಲ್ಲ ಉರಿದುಹೋಯಿತು. "ಪ್ರೂಫ್‌ನಲ್ಲೇ ನಿಲ್ತೇನೆ ಸಕ್ಸೇನಾಜಿ! ಮೊದಲ ಬಹುಮಾನ ತಗೊಂಡೇ ಬರ್ತೇನೆ!" ಎಂದು ಮೂರು ಮಹಡಿಗೂ ಕೇಳುವಂತೆ ನನ್ನ ಹಿಂದಿಯಲ್ಲಿ ಘೋಷಿಸಿದೆ. ನನ್ನ ಹಿಂದಿಯಲ್ಲಿ ಲಿಂಗ ವಚನ ಹೇಗಿದ್ದರೂ ಧ್ವನಿಗೆ ಕೊರತೆಯಿಲ್ಲ.

ಸ್ಪರ್ಧೆಯ ಹಿಂದಿನ ದಿನ, ಶನಿವಾರ ಬೆಳಗ್ಗೆ, ನನ್ನ ಅತ್ಯುತ್ತಮ ಸೆಟ್ಟನ್ನು ಹೊರತೆಗೆದೆ. ಎರಡೇ ನಾಣ್ಯ. ಬೆಳ್ಳಿ ಬೆರೆತ ನೂರು ರೂಪಾಯಿ, ಪಕ್ಕದಲ್ಲಿ ಹಳದಿ ಐದು ರೂಪಾಯಿ. ಕಿಟಕಿಯ ಬೆಳಕಿಗೆ ಹಿಡಿದೆ. ನೂರು ರೂಪಾಯಿಯ ಅಂಚಿನಲ್ಲಿ ಒಂದು ಚುಕ್ಕೆ! ಸಾಸಿವೆಯಷ್ಟು. ಸಾಸಿವೆಗಿಂತ ಸಣ್ಣದೇ ಇರಬಹುದು. ಆದರೆ ಸಕ್ಸೇನಾಜಿಯ ಕಣ್ಣಿಗೆ ಅದು ಕುಂಬಳಕಾಯಿ ಆಗುವುದರಲ್ಲಿ ಸಂಶಯವಿರಲಿಲ್ಲ.

ತಜ್ಞರು ಗಾಬರಿಯಾಗುವುದಿಲ್ಲ. ಮಗಳ ಶಾಲೆಯ ಪೆರೇಡಿನ ಬಿಳಿ ಕೈಗವಸು ತೊಟ್ಟುಕೊಂಡೆ. ಕವಚ ತೆರೆಯಲು ಉಗುರು ಸಾಲದೆ ದೋಸೆ ಮಗುಚುವ ಸಟ್ಟುಗ ತಂದೆ. ಮೆಲ್ಲನೆ ಮೀಟಿದೆ. ಕವಚ ಎರಡು ಹೋಳಾಯಿತು. ನೂರು ರೂಪಾಯಿ ಕೈಗವಸಿನಿಂದ ಜಾರಿ, ಅಡುಗೆಮನೆಯುದ್ದ ಉರುಳಿ, ಫ್ರಿಜ್ಜಿನ ಕೆಳಗೆ ಹೊಕ್ಕಿತು.

ನಾನು ಪೊರಕೆ ಹುಡುಕುವಷ್ಟರಲ್ಲಿ ನಮ್ಮವರು ನೆಲದ ಮೇಲೆ ಬೋರಲು ಮಲಗಿ ಅದನ್ನು ತೆಗೆದಾಗಿತ್ತು. "ಧೂಳಾಗಿತ್ತು, ಒರೆಸಿದ್ದೇನೆ," ಎಂದು ಹೆಮ್ಮೆಯಿಂದ ಕೊಟ್ಟರು. ಒರೆಸಿದ್ದು ಉಟ್ಟ ಲುಂಗಿಯಲ್ಲಿ! ಕನ್ನಡಿಯಂತಿದ್ದ ನಾಣ್ಯದ ಮೇಲೆ ಅವರ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು.

ಆಗಲಾದರೂ ನಿಲ್ಲಿಸಬಹುದಿತ್ತು. ಆದರೆ ಬೆಳ್ಳಿಯ ಮೇಲಿನ ಕಲೆಗೆ ಏನು ಮಾಡಬೇಕೆಂಬುದು ನಮ್ಮ ಕಡೆಯ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ ಹೇಳಿ! ನಾನು ದೇವರ ಗೂಡಿನಿಂದ ವಿಭೂತಿ ಗಟ್ಟಿ ತೆಗೆದುಕೊಂಡೆ.

ಮಗಳು ಓಡಿ ಬಂದಳು. "ಅಮ್ಮಾ, ಬೇಡ, ಮತ್ ಕರೋ! ಪ್ರೂಫ್ ಕಾಯಿನ್ ಕ್ಲೀನ್ ಮಾಡ್ಬಾರ್ದು, ಇಂಟರ್ನೆಟ್ ಪೆ ಲಿಖಾ ಹೈ!"

"ನಿನ್ನ ಇಂಟರ್ನೆಟ್ಟು ಯಾವತ್ತಾದರೂ ಬೆಳ್ಳಿ ದೀಪ ತೊಳೆದಿದೆಯಾ?" ಎಂದೆ.

ಉಜ್ಜಿದೆ. ಚುಕ್ಕೆ ಹೋಯಿತು. ಹೆಬ್ಬೆಟ್ಟೂ ಹೋಯಿತು. ಅವುಗಳ ಜೊತೆ ಸಿಂಹಗಳ ಬಿಳುಪೂ ಹೋಯಿತು, ಹಿನ್ನೆಲೆಯ ಕನ್ನಡಿಯೂ ಹೋಯಿತು. ಮೊದಲು ಆ ನಾಣ್ಯದಲ್ಲಿ ನನ್ನ ಮೂಗುತಿಯ ಹರಳು ಕಾಣುತ್ತಿತ್ತು. ಈಗ ಯಾರೋ ಹೆಂಗಸು ನಿಂತಿದ್ದಾಳೆ ಎಂಬುದಷ್ಟೇ ಕಾಣುತ್ತಿತ್ತು.

ಆದರೂ ಹೊಳಪಿತ್ತು! ದೇವರ ತಟ್ಟೆಗೆ ಇರುವಂಥ ಹೊಳಪು. ಅದರ ಪಕ್ಕದಲ್ಲಿ ಐದು ರೂಪಾಯಿಯೇ ಮಂಕಾಗಿ ಕಂಡಿತು. ಎರಡೂ ಒಂದೇ ತೆರನಾಗಿದ್ದರೆ ತೀರ್ಪುಗಾರರಿಗೆ ಅನುಮಾನ ಬರಲಾರದು ಎಂದು ನನ್ನ ಬುದ್ಧಿ ಹೇಳಿತು. ಬೆಳ್ಳಿಗೆ ವಿಭೂತಿಯಾದರೆ ಹಿತ್ತಾಳೆಗೆ ಹುಣಸೆಹಣ್ಣು. ಅದರ ಕವಚವನ್ನೂ ಬಿಚ್ಚಿ, ಉಪ್ಪು ಸೇರಿಸಿ ಚೆನ್ನಾಗಿ ತಿಕ್ಕಿದೆ. ಹಳದಿ ನಾಣ್ಯ ಗುಲಾಬಿ ಬಣ್ಣಕ್ಕೆ ತಿರುಗಿತು.

ನಮ್ಮವರು ಅದನ್ನು ನೋಡಿ ಮೆಲ್ಲನೆ, "ನಾಳೆ ಜ್ವರ ಅಂತ ಹೇಳಿಬಿಡು," ಎಂದರು.

ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಚೆನ್ನಾಗಿ ಕಣ್ಣೀರು ಹಾಕಿದೆ. ಇಷ್ಟು ವರ್ಷ ಯಾರೂ ಮುಟ್ಟದಂತೆ ಕಾದದ್ದನ್ನು ನಾನೇ ಕೈಯಾರೆ ಕೆಡಿಸಿದ್ದೆ. ದುಃಖವಾಯಿತು, ನಿಜ. ಆಮೇಲೆ ಸಕ್ಸೇನಾಜಿಯ ಕನಿಕರದ ಮುಖ ನೆನಪಾಯಿತು. ಮುಖ ತೊಳೆದುಕೊಂಡು ಹೊರಬಂದೆ.

"ನನಗೆ ಜ್ವರ ಬರೋದಿಲ್ಲ! ನಾಳೆ ಹೋಗೇ ಹೋಗ್ತೇನೆ."

ಒಡೆದ ಕವಚದ ಬದಲು ಹೋಟೆಲಿನಲ್ಲಿ ಚಟ್ನಿ ಪಾರ್ಸೆಲ್ ಮಾಡುವ ಪಾರದರ್ಶಕ ಡಬ್ಬಿಯೊಂದನ್ನು ನಮ್ಮವರೇ ತಂದುಕೊಟ್ಟರು. ನೂರು ರೂಪಾಯಿಗೆ ಸ್ವಲ್ಪ ದೊಡ್ಡದಾಯಿತು. ನಾಣ್ಯ ಒಳಗೆ ಗಿಲಕಿಯಂತೆ ಆಡುತ್ತಿತ್ತು.

ಭಾನುವಾರ ಸಭಾಂಗಣದಲ್ಲಿ ತೀರ್ಪುಗಾರರು ಭೂತಗನ್ನಡಿ ಹಿಡಿದು ನನ್ನ ಮೇಜಿಗೆ ಬಂದರು. ಬಿಳಿಗಡ್ಡದ, ಸೌಮ್ಯ ಮುಖದ ಹಿರಿಯರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಐದು ರೂಪಾಯಿಗೆ ಮೂಗು ಹತ್ತಿರ ತಂದು, "ಇಮ್ಲಿ?" ಎಂದರು.

ಹುಣಸೆಯ ವಾಸನೆ ಇನ್ನೂ ಹೋಗಿರಲಿಲ್ಲ! ನಾನು ಪೆಟ್ಟಿಗೆಯನ್ನು ನನ್ನ ಕಡೆ ಎಳೆದುಕೊಂಡೆ.

"ಮೇಡಂ, ಇದು ಪ್ರೂಫ್ ಅಲ್ಲ."

"ಪೆಟ್ಟಿಗೆಯ ಮೇಲೆ ಪ್ರೂಫ್ ಅಂತ ಬರೆದಿದೆ, ನೋಡಿ!"

"ಪೆಟ್ಟಿಗೆ ಪ್ರೂಫೇ," ಎಂದು ಒಪ್ಪಿಕೊಂಡರು. "ನಾಣ್ಯವನ್ನು ಬಳಸಿದ ನಾಣ್ಯಗಳ ವಿಭಾಗಕ್ಕೆ ಹಾಕೋಣ."

ಆ ವಿಭಾಗದಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಯಮುನೆಯಲ್ಲಿ ಸಿಕ್ಕ ಕರಿ ಹಿಡಿದ ನಾಣ್ಯಗಳನ್ನು ಹರವಿಕೊಂಡು ಕೂತಿದ್ದರು. ತೀರ್ಪುಗಾರರು ಅವರತ್ತ ಗೌರವದಿಂದ ಕೈ ತೋರಿಸಿದರು. "ನೋಡಿ, ಒಂದನ್ನೂ ತೊಳೆದಿಲ್ಲ!"

ಪಕ್ಕದ ಮೇಜಿನಲ್ಲಿ ಸಕ್ಸೇನಾಜಿ ತಮ್ಮ ಕಳಂಕವಿಲ್ಲದ ಸೆಟ್ಟಿನ ಹಿಂದೆ ನಿಂತು ಬಾಯಿಗೆ ಕರವಸ್ತ್ರ ಹಿಡಿದುಕೊಂಡಿದ್ದರು.

ಅವರು ಒಂದು ಸಂಗತಿ ಮರೆತಿದ್ದರು. ನಾನು ಇಪ್ಪತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿದವಳು! ಸ್ಪರ್ಧೆಯ ನಿಯಮಾವಳಿ ತರಿಸಿ ಮೊದಲಿನಿಂದ ಓದಿದೆ. ಕೊನೆಯ ಪುಟದಲ್ಲಿತ್ತು: ಯಾವ ವಿಭಾಗಕ್ಕೂ ಸೇರದ ನಾಣ್ಯಗಳಿಗೆ ಸಮಿತಿಯು ಪ್ರತ್ಯೇಕ ವಿಭಾಗ ತೆರೆಯಬಹುದು. ತಕ್ಷಣ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದೆ. ಸದರಿ ನಾಣ್ಯಗಳು ಪ್ರೂಫ್ ಅಲ್ಲವೆಂದು ಸ್ವತಃ ತೀರ್ಪುಗಾರರೇ ತಿಳಿಸಿರುವುದರಿಂದಲೂ, ಇವು ಒಂದು ದಿನವೂ ಚಲಾವಣೆಯಲ್ಲಿರದ ಕಾರಣ ಬಳಸಿದ ನಾಣ್ಯಗಳೂ ಅಲ್ಲವಾದ್ದರಿಂದಲೂ, ಪ್ರತ್ಯೇಕ ವಿಭಾಗ ಕಲ್ಪಿಸಬೇಕಾಗಿ ವಿನಂತಿ. ಮೂರು ಪ್ರತಿ ಮಾಡಿದೆ. ಒಂದರ ಮೇಲೆ ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಂಡೆ.

ಸಮಿತಿಯವರು ಮೂಲೆಯಲ್ಲಿ ಸೇರಿ ಗುಸುಗುಸು ಮಾತಾಡಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ನಿಂತಿದ್ದೆ. ಕಾಲು ಗಂಟೆಯಲ್ಲಿ ನನ್ನ ಮೇಜಿನ ಮೇಲೆ 'ಇತರೆ' ಎಂಬ ಹೊಸ ಫಲಕ ಬಂತು. ಸಂಘದಲ್ಲಿ ಮೊತ್ತಮೊದಲ ಬಾರಿಗೆ! ಸಕ್ಸೇನಾಜಿ ಕರವಸ್ತ್ರ ಜೇಬಿಗೆ ಹಾಕಿಕೊಂಡರು.

ಸಂಜೆ ಫಲಿತಾಂಶ ಓದಿದರು. ವೇದಿಕೆ ಹತ್ತಿ, ಪ್ರಮಾಣಪತ್ರ ಹಿಡಿದು, ತಲೆಯೆತ್ತಿ ಇಳಿದೆ. ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ಕಾಯುತ್ತಿದ್ದರು.

"ಎಂತ ಆಯ್ತು?"

"ಎರಡನೇ ಬಹುಮಾನ!"

"ಹೌದಾ! ಭಾರೀ ಆಯ್ತಲ್ಲ ಮಾರಾಯ್ತಿ! ನಿನ್ನ ವಿಭಾಗದಲ್ಲಿ ಎಷ್ಟು ಜನ ಇದ್ರು?"

"ನಾನೊಬ್ಬಳೇ."

ಅವರು ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹಾಗಾದ್ರೆ ಮೊದಲನೇದು?"

"ಯಾರಿಗೂ ಬಿಟ್ಟುಕೊಡಲಿಲ್ಲ!" ಎಂದೆ.