ಸುಮ್ಮನಿರುವುದಕ್ಕೆ ಸಹಾಯಧನ

"ಆ ಹೊಲದಲ್ಲಿ ಚೆನ್ನಾಗಿ ಬೆಳೆಯೋದು ಯಜಮಾನರ ನಿದ್ದೆ ಒಂದೇ" ಎಂದು ನೆರೆಹೊರೆಯವರು ನಮ್ಮ ಬಗ್ಗೆ ಆಡಿಕೊಳ್ಳುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ನನ್ನ ಹೆಂಡತಿ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. (ಮನಸ್ಸಿನಲ್ಲಿ ಯಾರನ್ನು ತುಳಿಯುತ್ತಿದ್ದಳೋ, ಕೇಳುವ ಧೈರ್ಯ ನನಗಿರಲಿಲ್ಲ.)

ಹೀಗಿರುವಾಗ ಸರ್ಕಾರಕ್ಕೆ ಜ್ಞಾನೋದಯವಾಯಿತು. ಐದು ವರ್ಷ ಉಳದೆ, ಬಿತ್ತದೆ, ಹೊಲವನ್ನು ಬೀಳು ಬಿಟ್ಟವರಿಗೆ ಸಹಾಯಧನ! ಮಣ್ಣು ದಣಿವಾರಿಸಿಕೊಳ್ಳಲಂತೆ, ಹಕ್ಕಿಪಕ್ಕಿ ಬಾಳಿಕೊಳ್ಳಲಂತೆ. ನಾನು ಬೆರಗಾದೆ. ಹುಟ್ಟಿದಾಗಿನಿಂದ ಸಂಬಳವಿಲ್ಲದೆ ಸಲ್ಲಿಸಿದ ಸೇವೆಯನ್ನು ಕೊನೆಗೂ ಒಬ್ಬರು ಗುರುತಿಸಿದ್ದರು.

"ನೋಡಿದ್ಯೇನೇ? ಸರ್ಕಾರಕ್ಕೆ ನನ್ನ ಬೆಲೆ ಗೊತ್ತು."

"ದುಡ್ಡು ಕೊಡೋದು ಹೊಲ ಸುಮ್ಮನಿರೋದಕ್ಕೆ ರೀ. ನೀವು ಸುಮ್ಮನಿರೋದಕ್ಕಲ್ಲ."

ಗಡಿ ಗುರುತಿಸುವ ಕೆಲಸ ಮಾತ್ರ ನನ್ನ ಕಾಲಿಗೇ ಬಿತ್ತು. ಕಚೇರಿಯವರು ಕೊಟ್ಟ ಯಂತ್ರ ಹಿಡಿದು ಹೊಲದ ಸುತ್ತ ನಡೆದರೆ ಅದು ಆಕಾಶದ ಉಪಗ್ರಹಕ್ಕೆ ವರದಿ ಒಪ್ಪಿಸುತ್ತದೆ. ನಮ್ಮ ಮನೆ ಇರುವುದು ಹೊಲದ ನಟ್ಟನಡುವೆ. ಅದನ್ನು ಲೆಕ್ಕದಿಂದ ಬಿಡಿಸಲು ಮನೆಯ ಸುತ್ತಲೂ ಇನ್ನೊಂದು ಪ್ರದಕ್ಷಿಣೆ ಹಾಕಬೇಕಿತ್ತು. ಬಿಸಿಲು ಏರಿತ್ತು. ಮನೆ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ಜಗಲಿಯ ಮೇಲೆ ಅಡ್ಡಾದೆ.

ಹಣ ಬಂತು. ಹೆಂಡತಿ ಅದರಲ್ಲಿ ಕರೆಂಟಿನ ಹೊಲಿಗೆ ಯಂತ್ರ ಕೊಂಡು ಪೇಟೆಯಲ್ಲಿ ಅಂಗಡಿ ಹಿಡಿದಳು. ಇತ್ತ ಹೊಲವೋ! ನಾನು ಕಡ್ಡಿ ಅಲ್ಲಾಡಿಸದಿದ್ದರೂ ಸೊಂಟದೆತ್ತರ ಹುಲ್ಲು ಎದ್ದಿತು. ಯಾರೂ ಬಿತ್ತದ ಹಳದಿ ಹೂ, ಯಾರೂ ಕರೆಯದ ಚಿಟ್ಟೆ. ಬೆಳಿಗ್ಗೆ ಬಾಗಿಲು ತೆರೆದರೆ ಇಬ್ಬನಿ ಹೊತ್ತ ಜೇಡರ ಬಲೆಗಳು ದೀಪ ಹಚ್ಚಿಟ್ಟಂತೆ ಮಿನುಗುತ್ತಿದ್ದವು. ಹೆಂಡತಿ ಕೂಡ ಹೊಸಿಲಲ್ಲಿ ನಿಂತು ಬೈಯುವುದನ್ನೇ ಮರೆಯುತ್ತಿದ್ದಳು. ಮುಟ್ಟದಿದ್ದರೆ ಭೂಮಿ ಇಷ್ಟೊಂದು ಕೆಲಸ ಮಾಡುತ್ತದೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ತಪಾಸಣೆಗೆ ಅಧಿಕಾರಿಣಿ ಬಂದರು. ಆಕಾಶದಿಂದ ತೆಗೆದ ಚಿತ್ರ ತೋರಿಸಿದರು. ಹುಲ್ಲುಗಾವಲು, ನಡುವೆ ಹೆಂಚು, ಅಂಗಳದ ಚಾಪೆಯ ಮೇಲೆ ಕೈಕಾಲು ಚಾಚಿದ ಒಂದು ಆಕೃತಿ.

"ಅಯ್ಯೋ, ಇದು ನಾನೇ!" ಎಂದು ರೋಮಾಂಚನಗೊಂಡೆ.

"ಅದೇ ತೊಂದರೆ ಯಜಮಾನ್ರೇ. ಮನೆಯನ್ನೂ ಬೀಳು ಅಂತ ಬರೆಸಿದ್ದೀರಿ. ಒಳಗೆ ಜನ ಇರೋ ಹಾಗಿಲ್ಲ."

"ಈಗಲೇ ಒಂದು ಸುತ್ತು ಹಾಕಿಬಿಡ್ತೀನಿ, ಮೇಡಂ!"

"ಗಡಿ ಒಂದೇ ಸಲ ಹಿಡಿಯೋದು. ದಂಡದ ಸಮೇತ ಹಣ ವಾಪಸ್ ಕಟ್ಟಿ, ಇಲ್ಲಾ ಐದು ವರ್ಷ ತುಂಬೋವರೆಗೆ ಮನೆ ಖಾಲಿ ಮಾಡಿ."

ನಾನು ಹೆಂಡತಿಯ ಮುಖ ನೋಡಿದೆ. ಹಣ ಕಟ್ಟಲು ಹೊಲಿಗೆ ಯಂತ್ರ ಮಾರುವ ಮುಖ ಅದಾಗಿರಲಿಲ್ಲ.

"ಅಂಗಡಿ ಮೇಲೆ ಒಂದು ರೂಮಿದೆ. ಅಲ್ಲಿಗೆ ಹೋದರಾಯ್ತು. ಇವರೂ ಗುಂಡಿ ಹೊಲಿಯೋದು ಕಲೀತಾರೆ."

"ನಾನಾ?"

"ಮತ್ತೆ ಸರ್ಕಾರ ಬಂದು ಹೊಲಿಯುತ್ತಾ?"

ಸಾಮಾನೆಲ್ಲ ಗಾಡಿ ಹತ್ತಿತು. ಕಡೆಯದಾಗಿ ಬೀಗ ಹಾಕಲು ನಾನೊಬ್ಬನೇ ಒಳಹೊಕ್ಕೆ. ಬರಿದಾದ ಮನೆಯಲ್ಲಿ ನನ್ನ ಉಸಿರೂ ದೊಡ್ಡದಾಗಿ ಕೇಳಿಸಿತು. ಹೊರಬಂದು ತಲೆಯೆತ್ತಿದರೆ, ಸೂರಿನ ಕೆಳಗೆ ಆಗಲೇ ಒಂದು ಜೋಡಿ ಹಕ್ಕಿ ಸಂಸಾರ ಹೂಡಿತ್ತು. ಹೆಣ್ಣು ಬಿಡುವಿಲ್ಲದೆ ಹುಲ್ಲು ತರುತ್ತಿತ್ತು. ಗಂಡು ತೊಲೆಯ ಮೇಲೆ ಕಣ್ಣು ಮುಚ್ಚಿ ಕೂತಿತ್ತು.

ನನ್ನ ಎದೆ ತುಂಬಿ ಬಂತು. "ಇರಪ್ಪಾ, ನೀನಾದರೂ ಆರಾಮವಾಗಿರು" ಎಂದೆ.

ಅಷ್ಟರಲ್ಲಿ ಹೆಣ್ಣು ಅದರ ನೆತ್ತಿಗೆ ಒಂದು ಕುಕ್ಕಿತು. ಗಂಡು ತಟ್ಟನೆ ಹುಲ್ಲು ತರಲು ಹಾರಿತು.

"ಬರ್ತೀರೋ, ನಾನೇ ಬರ್ಲೋ?" ರಸ್ತೆಯಿಂದ ಕೂಗು ಕೇಳಿಸಿತು.

ಬೀಗ ಜಗ್ಗಿ ನೋಡಿ, ಸರ್ಕಾರದ ಹುಲ್ಲು ತುಳಿಯದಂತೆ ತುದಿಗಾಲಲ್ಲಿ ನಾನೂ ಹೊರಟೆ.