ತೂತಿಲ್ಲದ ನೆರಳು

ಕಳೆದ ಮಾರ್ಚ್ ತಿಂಗಳ ಮೊದಲ ಸೋಮವಾರದಿಂದ ನಗರಸಭೆ ನೆರಳನ್ನು ಅಧಿಕೃತವಾಗಿ ಅಳೆಯತೊಡಗಿತು. ಹವಾಮಾನ ವಿಭಾಗಕ್ಕೆ ಪ್ರತಿ ಬೀದಿಯಲ್ಲೂ ಇನ್ನೂರು ಚದರ ಮೀಟರ್ ನೆರಳು ಬೇಕಿತ್ತು. ರಸ್ತೆ ವಿಭಾಗಕ್ಕೆ ಪ್ರತಿ ಬೀದಿಯೂ ಎರಡರಷ್ಟು ಅಗಲವಾಗಬೇಕಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ, ಎರಡೂ ಗುರಿಗಳನ್ನು ಒಂದೇ ನಮೂನೆಯಲ್ಲಿ ತುಂಬತಕ್ಕದ್ದೆಂದು ಮೇಲಿನಿಂದ ಆದೇಶ ಬಂತು.

ಅಳತೆಗೆ ನೇಮಕವಾದವಳು ಕೊಡೆ ರಿಪೇರಿಯವನ ಮಗಳು. ಕೆಲಸ ತಾತ್ಕಾಲಿಕ. ಅವಳಪ್ಪ ಮೂವತ್ತೊಂದು ವರ್ಷದಿಂದ ಗಡಿಯಾರದಂಗಡಿಯ ಎದುರಿನ ಮರದ ಬುಡದಲ್ಲಿ ಕೂತು, ಕೊಡೆಗಳಿಗೆ ಕಡ್ಡಿ ಕಟ್ಟಿ ತೇಪೆ ಹಾಕಿ ಅವಳನ್ನು ಓದಿಸಿದ್ದ. ಮರ ಹೊಸ ರಸ್ತೆಯ ನಟ್ಟನಡುವೆ ಬರುತ್ತಿತ್ತು.

ಅವಳು ಮಧ್ಯಾಹ್ನ ಹನ್ನೆರಡಕ್ಕೆ ಟೇಪು ಹಿಡಿದು ಮರದ ನೆರಳನ್ನು ಮೂರು ಸಲ ಅಳೆದಳು. ಮೂರು ಸಲವೂ ಇನ್ನೂರ ಹನ್ನೆರಡು.

"ಬೀದಿ ಪಾಸಾಯ್ತಪ್ಪ. ಇನ್ನು ಮರ ಮುಟ್ಟೋ ಹಾಗಿಲ್ಲ."

"ನಾನು ಕೂತಿರೋ ಜಾಗ ಲೆಕ್ಕದಿಂದ ಕಳೆದ್ಯಾ? ಆಮೇಲೆ ತಕರಾರು ಬರಬಾರದು."

ಸಭೆಯಲ್ಲಿ ರಸ್ತೆ ಎಂಜಿನಿಯರ್ ವರದಿಯನ್ನು ಎರಡು ಬಾರಿ ಓದಿದರು.

"ಅಳತೆ ಚೆನ್ನಾಗಿದೆಯಮ್ಮ. ಗುಣಮಟ್ಟ?"

"ನೆರಳಿಗೆ ಗುಣಮಟ್ಟ ಅಂದ್ರೆ, ಸಾರ್?"

"ಎಲೆ ಸಂದಿಯಿಂದ ಬಿಸಿಲು ಬೀಳುತ್ತೆ ತಾನೆ? ಅಂದ್ರೆ ಮಾಲು ತೂತು. ತೂತು ಮಾಲನ್ನ ಇಲಾಖೆ ಹೇಗೆ ತಗೊಳ್ಳುತ್ತೆ?"

ಹವಾಮಾನ ವಿಭಾಗದ ಮೇಡಂ ಕನ್ನಡಕ ಒರೆಸಿಕೊಂಡು, ಮಾತಿನಲ್ಲಿ ತೂಕವಿದೆ ಎಂದರು. ಕೂಡಲೇ ಒಂಬತ್ತನೇ ನಿಯಮ ಅಂಗೀಕಾರವಾಯಿತು: 'ತೂತಿಲ್ಲದ ನೆರಳನ್ನು ಮಾತ್ರ ಪರಿಗಣಿಸತಕ್ಕದ್ದು. ಅಳತೆಯನ್ನು ಸಂಜೆ ಐದೂಮುಕ್ಕಾಲಿಗೆ ಮಾಡತಕ್ಕದ್ದು. ಅದಕ್ಕೆ ಮುಂಚೆ ಇಲಾಖೆಯ ಜೀಪು ಖಾಲಿ ಇರುವುದಿಲ್ಲ.'

"ಆ ಹೊತ್ತಿಗೆ ಮರದ ನೆರಳೂ ಉದ್ದ ಆಗುತ್ತೆ, ಸಾರ್."

"ಆಗುತ್ತೆ. ತೂತೂ ಉದ್ದ ಆಗುತ್ತೆ."

"ಅಷ್ಟೊತ್ತಿಗೆ ಬಿಸಿಲಿನ ಕಾವೇ ಇರಲ್ವಲ್ಲ."

"ನೋಡಿ, ನೆರಳು ಕೆಲಸ ಮಾಡ್ತಿದೆ ಅಂತ ನೀವೇ ಒಪ್ಕೊಂಡ್ರಿ."

ಹೊಸ ರಸ್ತೆಗೆ ಹನ್ನೆರಡು ದೀಪದ ಕಂಬಗಳು ಮಂಜೂರಾಗಿದ್ದವು. ಐದೂಮುಕ್ಕಾಲಿಗೆ ಒಂದೊಂದು ಕಂಬದ ನೆರಳು ಅರವತ್ತು ಮೀಟರ್ ಉದ್ದ, ಹದಿನೆಂಟು ಚದರ ಮೀಟರ್. ಒಟ್ಟು ಇನ್ನೂರ ಹದಿನಾರು. ಮರಕ್ಕಿಂತ ನಾಲ್ಕು ಹೆಚ್ಚು. ಎಲೆ ಉದುರುವುದಿಲ್ಲ, ಹಕ್ಕಿ ಕೂತು ಗಲೀಜು ಮಾಡಿದರೆ ತೊಳೆಯಬಹುದು. ಈ ಲೆಕ್ಕಕ್ಕೆ ಅವಳ ರುಜು ಒಂದು ಬಾಕಿ ಇತ್ತು.

ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅವಳು ಹೇಳಿದಳು: "ರುಜು ಹಾಕಿದ್ರೆ ಕೆಲಸ ಖಾಯಂ ಅಂತೆ. ಹಾಕದಿದ್ರೆ ಜೀಪಿನ ಡ್ರೈವರ್ ಹಾಕ್ತಾನಂತೆ."

"ಲೆಕ್ಕ ಸರಿಯಿದೆಯಾ?"

"ಲೆಕ್ಕ ಸರಿಯಿದೆ. ಅದೇ ಕಷ್ಟ."

ಅಪ್ಪ ಅವಳ ತಟ್ಟೆಗೆ ಅನ್ನ ಬಡಿಸಿದ. "ಹಾಗಿದ್ರೆ ಡ್ರೈವರ್‌ಗ್ಯಾಕೆ ಖಾಯಂ ಮಾಡಿಸ್ತೀಯ. ನೀನೇ ಹಾಕು."

ಮರವನ್ನು ಗುರುವಾರ ಕಡಿದರು, ಕಂಬಗಳನ್ನು ನೆಟ್ಟರು. ಅಪ್ಪ ಐದನೇ ಕಂಬದ ಬುಡಕ್ಕೆ ವರ್ಗವಾದ. ಮಧ್ಯಾಹ್ನ ಅಲ್ಲಿನ ನೆರಳು ಒಂದೂವರೆ ಗೇಣು, ಅವನ ಹೆಗಲು ಎರಡೂವರೆ. ಮೂರನೇ ದಿನ ತಲೆ ಸುತ್ತಿ ಬಿದ್ದ. ನಾಲ್ಕನೇ ದಿನ, ಯಾರೋ ರಿಪೇರಿಗೆ ಕೊಟ್ಟು ಮರೆತಿದ್ದ ದೊಡ್ಡ ಕರಿ ಕೊಡೆಯೊಂದನ್ನು ಬಿಚ್ಚಿ ಕಂಬಕ್ಕೆ ಕಟ್ಟಿ ಅದರಡಿ ಕೂತ.

ಆ ದಾರಿಯಲ್ಲಿ ಬಂದ ಮೇಡಂ ಕಾರು ನಿಲ್ಲಿಸಿದರು. ನಾಗರಿಕರು ತಾವಾಗಿಯೇ ನೆರಳು ಉತ್ಪಾದಿಸುತ್ತಿರುವುದು ಯೋಜನೆಯ ಯಶಸ್ಸು ಎಂದು ಪ್ರಕಟಣೆ ಹೊರಟಿತು. ಕೊಡೆಗೆ ನೋಂದಣಿ ಸಂಖ್ಯೆ ಬಂತು. ಗಡಿಯಾರದಂಗಡಿಯವನೂ ಒಂದು ಕೊಡೆ ಕೊಂಡ.

ಅಳತೆಗೆ ಈಗ ಖಾಯಂ ಆಗಿದ್ದ ಮಗಳು ಸರಿಯಾಗಿ ಐದೂಮುಕ್ಕಾಲಿಗೆ ಜೀಪಿನಿಂದ ಇಳಿದಳು. ಐದಕ್ಕೇ ಮನೆಗೆ ಹೊರಡುವ ಅಪ್ಪ ಅವತ್ತು ಕಾದಿದ್ದ.

"ಸೂರ್ಯನ ಕಡೆ ಸ್ವಲ್ಪ ವಾಲಿಸಪ್ಪ."

ವಾಲಿಸಿದ. ಅವಳು ಟೇಪು ಹಿಡಿದಳು, ಆಮೇಲೆ ಮೊಣಕಾಲೂರಿ ನೆಲದ ಮೇಲಿನ ಕಪ್ಪು ನೆರಳನ್ನು ಅಂಚಿನಿಂದ ಅಂಚಿಗೆ ನೋಡಿದಳು.

"ಏನು ಹುಡುಕ್ತಿದೀಯ? ತೇಪೆ ನಂದು," ಅಂದ ಅಪ್ಪ.

ಅವಳು ನಮೂನೆ ತುಂಬಿದಳು. ನೆರಳು, ಐದೂವರೆ ಚದರ ಮೀಟರ್. ತೇಪೆ, ಹನ್ನೊಂದು. ತೂತು, ಸೊನ್ನೆ.