ಎಂಟನೇ ನಂಬರಿನ ಬಿಲ್ಲೆ

ರಗಳೆ ಶುರುವಾದದ್ದು ಸೆಲ್ವರಾಜನಿಂದ. ಅವನ ಪಾಲಿಗೆ ಎಂಟನೇ ನಂಬರಿನ ಹಿತ್ತಾಳೆ ಬಿಲ್ಲೆ ಬಂದಿತ್ತು.

"ಎಂಟು ಬೇಡ ಸಾರ್! ಮುರುಗನಾಣೆ, ಎಂಟು ತಗೊಂಡ್ರೆ ನಂದು ಪ್ಲೇನು ಉಳಿಯಲ್ಲ" ಎಂದು ತನ್ನ ಪುಟ್ಟ ವಿಮಾನವನ್ನು ಮಗುವಿನಂತೆ ಅವಚಿಕೊಂಡು ಕೂತುಬಿಟ್ಟ. ಮಾದರಿ ವಿಮಾನ ಕ್ಲಬ್ಬಿನ ಕಾರ್ಯದರ್ಶಿ ಚಲಪತಿ ಅವನನ್ನು ಅಂತೂ ಸಮಾಧಾನ ಮಾಡಿ ಎಬ್ಬಿಸುವಷ್ಟರಲ್ಲಿ ಹತ್ತು ಗಂಟೆ.

ಚಾಂಪಿಯನ್ ರೀಫ್ಸ್‌ನ ಬಯಲಿನಲ್ಲಿ ಹದಿನಾರು ಜನರ ಪಂದ್ಯ. ಚಲಪತಿ ಚೀಟಿ ಎತ್ತಿಸಿ, ನಾಲ್ವರಂತೆ ನಾಲ್ಕು ಸುತ್ತು ಮಾಡಿದ್ದ. ಹಾರಿಸುವವನು ಮೊದಲು ತನ್ನ ಬಿಲ್ಲೆಯನ್ನು ಹಲಗೆಗೆ ನೇತುಹಾಕಬೇಕು, ವಿಮಾನ ಇಳಿದ ಮೇಲೆ ತೆಗೆದುಕೊಳ್ಳಬೇಕು. ಒಂದು ಬಿಲ್ಲೆ ಉಳಿದರೂ ಮುಂದಿನ ಸುತ್ತಿಲ್ಲ. ಈ ಊರಿನ ಚಿನ್ನದ ಗಣಿ ನಡೆಯುತ್ತಿದ್ದ ಕಾಲದ ಪದ್ಧತಿ ಅದು. ಬಿಲ್ಲೆ ಉಳಿಯಿತೆಂದರೆ ಆಳು ಇನ್ನೂ ಕೆಳಗೇ ಇದ್ದಾನೆ ಎಂದರ್ಥ. ಹಲಗೆ ಕಾಯುವವಳು ಕನಕಮ್ಮ. ಅವಳ ಗಂಡ ಗಣಿಯ ಬಿಲ್ಲೆ ಆಫೀಸಿನಲ್ಲೇ ತಲೆ ನರೆಸಿದವನು.

ಮೂರು ವರ್ಷದಿಂದ ಎಲ್ಲರ ಸುತ್ತು ನಡೆಸಿದ ಚಲಪತಿ ತಾನು ಒಮ್ಮೆಯೂ ಹಾರಿಸಿರಲಿಲ್ಲ. ಒಂದು ವರ್ಷ ಗಾಳಿ, ಎರಡು ವರ್ಷ ಜಗಳ. "ಈ ಸಲ ಹಾರಿಸದಿದ್ರೆ ಆ ವಿಮಾನಾನ ಒಲೆಗಿಡ್ತೀನಿ" ಎಂದು ಹೆಂಡತಿ ಶ್ಯಾಮಲಾ ಹೇಳಿಯೇ ಕಳಿಸಿದ್ದಳು. ಅವನದು ಕೊನೆಯ ಸುತ್ತು.

ಮೂರನೇ ಸುತ್ತು ಮುಗಿಯಿತು. ಸೆಲ್ವರಾಜ್ ಗೆದ್ದು, ರೈಲಿಗೆ ಹೊತ್ತಾಯಿತೆಂದು ಬಂಗಾರಪೇಟೆಗೆ ಓಡಿದ. ಕನಕಮ್ಮ ಟೀ ಕುಡಿಯಲು ಹೋದಳು. ಚಲಪತಿ ಅವಸರ ತಡೆಯಲಾರದೆ ಹಲಗೆಯ ಹತ್ತಿರ ನಿಂತಿದ್ದಾಗ, ಬಯಲಂಚಿನಲ್ಲಿ ಹಸು ಮೇಯಿಸುತ್ತಿದ್ದ ಚಿಕ್ಕವೆಂಕಟಮ್ಮನ ಕೂಗು ಕೇಳಿತು.

"ಲೇ ಚಲಪತಿ! ನಿಮ್ ಇಮಾನ ನನ್ನ ಸೀಮೆಹಸಿನ ನೆತ್ತಿಮ್ಯಾಲೇ ಓಯ್ತು ಕಣ್ಲಾ! ಅದು ಆಲು ಕೊಡದಿದ್ರೆ ಡೈರಿಗೆ ನೀನೇ ಬಂದು ಯೋಳು!"

ಸುರಕ್ಷತೆಯ ಮಾತು ಬಂತೆಂದರೆ ಚಲಪತಿಗೆ ಮಿಕ್ಕದ್ದೆಲ್ಲ ಮರೆತುಹೋಗುತ್ತಿತ್ತು. ಓಡಿದ, ಹಸುವಿನ ಬೆನ್ನು ಸವರಿದ, ಗಡಿಯ ಬಾವುಟದ ಕಂಬಗಳನ್ನು ಮೂವತ್ತು ಹೆಜ್ಜೆ ಆಚೆಗೆ ನೆಟ್ಟು ಬೆವರಿಳಿಸಿಕೊಂಡು ಬಂದ.

ಕನಕಮ್ಮ ಹಲಗೆಗೆ ಅಡ್ಡ ನಿಂತಿದ್ದಳು. "ಎಂಟು ಇನ್ನಾ ನೇತಾಡ್ತಾ ಐತೆ. ಆಳು ಬರ್ದೆ ಸುತ್ತು ಬಿಡಾಕಿಲ್ಲ."

ಎಂಟು ಎಂದೊಡನೆ ಚಲಪತಿಗೆ ಸೆಲ್ವರಾಜನ ಮುಖ ಕಣ್ಣಿಗೆ ಕಟ್ಟಿತು. ಪಟ್ಟಿಯಲ್ಲೂ ಅವನ ಹೆಸರೇ ಇತ್ತು. ಫೋನು ಮಾಡಿದರೆ ಎತ್ತಲಿಲ್ಲ. ಬೈಕಿನಲ್ಲಿ ಕ್ಲಬ್ಬಿನ ಹುಡುಗ ಮುನೇಶನನ್ನು ಸ್ಟೇಷನ್ನಿಗೆ ಅಟ್ಟಿದರು. ಹೊತ್ತು ಗಣಿಯ ಪುಡಿಮಣ್ಣಿನ ಸಯನೈಡ್ ದಿಬ್ಬದ ಹಿಂದಕ್ಕೆ ಜಾರುತ್ತಿತ್ತು, ಚಲಪತಿಯ ಪಿತ್ತ ನೆತ್ತಿಗೇರುತ್ತಿತ್ತು.

"ಇಂಥ ಬೇಜವಾಬ್ದಾರಿ ಮನುಷ್ಯ ಒಂದು ವರ್ಷ ಹಾರಿಸೋ ಹಾಗಿಲ್ಲ! ಯಾರೇ ಆಗಿರ್ಲಿ, ಮಾಫಿ ಇಲ್ಲ! ಬರ್ಕೊಳಮ್ಮ, ಎಂಟನೇ ಬಿಲ್ಲೆಯೋನು ಅಂತ!" ಎಂದು ಗುಡುಗಿದ. ಕನಕಮ್ಮ ಬರೆದಳು. ಎಲ್ಲರೂ ಸಹಿ ಹಾಕಿದರು, ಮೊದಲ ಸಹಿ ಚಲಪತಿಯದೇ.

ಬೆಳಕು ಮಂಕಾದಾಗ ರೈಲು ತಪ್ಪಿಸಿಕೊಂಡ ಸೆಲ್ವರಾಜ್ ಮುನೇಶನ ಬೈಕಿನಿಂದ ಇಳಿದು ಜೇಬಿನಿಂದ ಬಿಲ್ಲೆ ತೆಗೆದ. ಐದು.

"ಇದು ನಿಮ್ದೇ ಅಲ್ವಾ ಸಾರ್? ಬೆಳಿಗ್ಗೆ ನೀವೇ ಕೊಟ್ಟು ನನ್ನ ಎಂಟು ಇಸ್ಕೊಂಡ್ರಿ."

ಬಿಲ್ಲೆ ಅದಲುಬದಲಾದ ಮೇಲೆ ಪಟ್ಟಿ ತಿದ್ದಿರಲಿಲ್ಲ. ಹಸುವಿನ ಕೂಗಿಗೆ ಮುಂಚೆ ಆತುರಕ್ಕೆ ತಾನೇ ಆ ಎಂಟನ್ನು ನೇತುಹಾಕಿದ್ದು ಚಲಪತಿಗೆ ಈಗ ನೆನಪಾಯಿತು.

ಮುಂದಿನ ವರ್ಷವೂ ಚಲಪತಿಯೇ ಕಾರ್ಯದರ್ಶಿ ಎಂದು ಎಲ್ಲರೂ ಅಲ್ಲೇ ಒಮ್ಮತದಿಂದ ತೀರ್ಮಾನಿಸಿದರು. ಹೇಗೂ ಹಾರಿಸುವಂತಿಲ್ಲವಲ್ಲ, ಪಕ್ಷಪಾತದ ಮಾತೇ ಬರುವುದಿಲ್ಲ.

ಸೆಲ್ವರಾಜ್ ಮರುಕದಿಂದ ಅವನ ಹೆಗಲ ಮೇಲೆ ಕೈಯಿಟ್ಟ. "ಎಂಟು ಆಗ್ಬರಲ್ಲ ಅಂತ ನಾನು ಬೆಳಿಗ್ಗೇನೇ ಹೇಳಿದ್ನಲ್ಲ ಸಾರ್?"